ಗಾಳಿ ತಿಂದ ಕೆಂಪು

ಇದು ಇನ್ನೂ ಬಾರದ ಕಾಲದ ಕಥೆ. ಹಾಗೆಂದು ಬಹಳ ದೂರದ್ದೇನಲ್ಲ. ಮಗುವಿಗೆ ಐದು ತುಂಬಿದ ಕೂಡಲೇ ಒಂದು ಹನಿ ರಕ್ತ ತೆಗೆದು, ಅದರ ವಂಶವಾಹಿಗಳನ್ನೆಲ್ಲ ಒಂದು ಗಾಜಿನ ಪಟ್ಟಿಯ ಮೇಲೆ ಓದಿ ಹೇಳುವಷ್ಟು ವಿಜ್ಞಾನ ಮುಂದೆ ಹೋಗಿತ್ತು. ಆ ಗಾಜನ್ನು ಯಾವ ಹೊತ್ತಿನಲ್ಲಿ ಓದಬೇಕು ಎಂದು ಗೋಡೆಯ ಕ್ಯಾಲೆಂಡರು ನೋಡಿ ಹೇಳುವಷ್ಟು ನಮ್ಮ ಜನ ಹಿಂದೆ ಉಳಿದಿದ್ದರು. ಹಿಂದೆ ಅಂದದ್ದಕ್ಕೆ ಯಾರೂ ಸಿಟ್ಟಾಗಬೇಡಿ. ಈ ಕಥೆಯಲ್ಲಿ ದೊಡ್ಡ ತಪ್ಪು ಮಾಡಿದವಳು ವಿಜ್ಞಾನ ಓದಿದವಳೇ.

ಅವಳ ಹೆಸರು ಕಸ್ತೂರಿ ನೀಲಗಾರ. ಇಳಕಲ್ಲಿನ ತಳಿಪರೀಕ್ಷಾ ಕೇಂದ್ರದಲ್ಲಿ ಹಿರಿಯ ತಂತ್ರಜ್ಞೆ, ವಯಸ್ಸು ನಲವತ್ತೆರಡು, ಕೈ ಬಹಳ ಚೊಕ್ಕಟ. ಅವಳ ಕೆಲಸವನ್ನು ಊರಿನ ಹೆಂಗಸರು ‘ಚುಕ್ಕಿಚೀಟಿ ತೆಗೆಯೋದು’ ಅನ್ನುತ್ತಿದ್ದರು. ಹೆಸರು ಸರಿಯಾಗಿಯೇ ಇತ್ತು. ಮಗುವಿನ ವಂಶವಾಹಿಯ ತುಣುಕುಗಳಿಗೆ ಹೊಳೆಯುವ ಕೆಂಪು ಬಣ್ಣ ಕಟ್ಟುವುದು, ಆರೋಗ್ಯವಂತರ ಮಾದರಿ ತುಣುಕುಗಳಿಗೆ ಹೊಳೆಯುವ ಹಸಿರು ಕಟ್ಟುವುದು, ಎರಡನ್ನೂ ಕಲೆಸಿ ಸಾವಿರಾರು ಚುಕ್ಕಿಗಳಿರುವ ಗಾಜಿನ ಮೇಲೆ ಒಂದು ರಾತ್ರಿ ಬಿಡುವುದು. ಮರುದಿನ ಗಾಜು ತೊಳೆದು ಒಣಗಿಸಿ ಲೇಸರ್ ಕಣ್ಣಿನ ಯಂತ್ರಕ್ಕೆ ಕೊಡುವುದು. ಚುಕ್ಕಿಯಲ್ಲಿ ಕೆಂಪೂ ಹಸಿರೂ ಸಮನಾಗಿದ್ದರೆ ಪರದೆಯ ಮೇಲೆ ಹಳದಿ ಕಾಣುತ್ತದೆ, ಅಂದರೆ ಮಗುವಿನಲ್ಲಿ ಆ ತುಣುಕು ಇದೆ. ಬರೀ ಹಸಿರು ಕಂಡರೆ ಇಲ್ಲ ಎಂದು ಅರ್ಥ.

ಇಲ್ಲದಿದ್ದರೆ ಬಹಳ ಕೆಟ್ಟದ್ದು ಅನ್ನುವಂಥ ತುಣುಕು ಒಂದಿತ್ತು. ಅದಿಲ್ಲದ ಮಕ್ಕಳು ಹತ್ತಕ್ಕೆ ಮೆಟ್ಟಿಲು ಹತ್ತಲಾರರು, ಹದಿನೈದಕ್ಕೆ ಕುರ್ಚಿ ಹಿಡಿಯುವರು, ಇಪ್ಪತ್ತೈದು ಕಾಣುವುದೇ ಅಪರೂಪ. ಈ ವರ್ಷ ಅದಕ್ಕೆ ‘ತುಂಬುಮದ್ದು’ ಬಂದಿತ್ತು. ಒಂದೇ ಸೂಜಿ, ಇಲ್ಲದ ತುಣುಕನ್ನು ಮೈತುಂಬ ತುಂಬಿಸಿಬಿಡುತ್ತಿತ್ತು. ಆದರೆ ತುಣುಕು ಇದ್ದ ಮಗುವಿಗೆ ಅದನ್ನು ಕೊಟ್ಟರೆ ಹೃದಯದ ಸ್ನಾಯು ಊದಿಕೊಂಡು ಪ್ರಾಣಕ್ಕೆ ಕುತ್ತು ಬರುತ್ತಿತ್ತು. ಒಮ್ಮೆ ಹೊಕ್ಕ ಮದ್ದನ್ನು ಹೊರಗೆ ತೆಗೆಯುವ ಉಪಾಯ ಯಾರಿಗೂ ಗೊತ್ತಿರಲಿಲ್ಲ. ಇಳಕಲ್ಲಿನಿಂದ ಹದಿಮೂರು ಮಕ್ಕಳ ಹೆಸರು ಹೋಗಿತ್ತು. ಅವರನ್ನು ದೊಡ್ಡಾಸ್ಪತ್ರೆಗೆ ಒಯ್ಯುವ ಬಸ್ಸು ಶುಕ್ರವಾರ ಮಧ್ಯಾಹ್ನ ಒಂದಕ್ಕೆ ಹೊರಡಬೇಕಿತ್ತು.

ಸುಡುಬೇಸಿಗೆಯ ಆ ವಾರದ ಸೋಮವಾರ ಶಂಕ್ರವ್ವ ಎಂಬ ಹೆಣ್ಣುಮಗಳು ಮಗಳನ್ನು ಕರೆದುಕೊಂಡು ಕೇಂದ್ರಕ್ಕೆ ಬಂದಳು. ಗ್ರಾನೈಟ್ ಪಾಲಿಶ್ ಶೆಡ್ಡಿನ ಕೆಲಸದಾಕೆ, ಹುಬ್ಬಿನ ತುಂಬ ಕಲ್ಲಿನ ಪುಡಿ. ಮಗಳು ಚಂಪಾ ಹದಿಮೂರರಲ್ಲಿ ಒಬ್ಬಳು.

“ಅಕ್ಕಾರ, ಇಕಿನ್ನ ಒಂದೀಟು ನೋಡ್ರಿ. ಏ ಚಂಪಾ, ಆ ಕಟ್ಟಿ ಮ್ಯಾಲಿಂದ ಜಿಗದು ತೋರಸು.”

ಚಂಪಾ ಜಿಗಿದಳು. ಯಾರೂ ಹೇಳದೆ ಇನ್ನೆರಡು ಸಲ ಜಿಗಿದಳು.

“ಇಕಿಗೆ ಕಾಲಿನ ಬ್ಯಾನಿ ಅಂತೀರಿ. ನಿನ್ನಿ ಬೇವಿನ ಗಿಡ ಏರಿ ಕುಂತಿದ್ಲು. ಇಳಸಾಕ ಮಂದಿ ಕರೀಬೇಕಾತು.”

“ಈಗ ಕಾಣೂದಿಲ್ಲವ್ವಾ. ಮುಂದ ಕಾಣತೈತಿ,” ಎಂದಳು ಕಸ್ತೂರಿ. ಈ ಮಾತನ್ನು ಹದಿಮೂರು ತಾಯಂದಿರಿಗೂ ಹೇಳಿ ಹೇಳಿ ಅವಳಿಗೆ ಬಾಯಿಪಾಠವಾಗಿತ್ತು.

“ಹೊತ್ತು ನೋಡಿ ಮಾಡಿಸಿದ್ನೆಲ್ರಿ. ರಾಹುಕಾಲ ದಾಟಿದ ಮ್ಯಾಲೆ ಮಿಷನ್ನಿಗೆ ಹಾಕ್ರಿ ಅಂತ ನಿಮ್ಮ ಕಾಲು ಹಿಡಕೊಂಡಿದ್ನಿ. ಪುಣ್ಯಾತಗಿತ್ತಿ, ನೀವೂ ಹಂಗ ಮಾಡಿದ್ರಿ. ಆದ್ರೂ ಹಿಂಗ್ಯಾಕ ಆತು?”

ಹೌದು, ಮಾಡಿದ್ದಳು. ಅದು ನಿಯಮದಲ್ಲಿ ಇರಲಿಲ್ಲ. ಒಣಗಿದ ಗಾಜನ್ನು ಹತ್ತು ನಿಮಿಷದೊಳಗೆ ಯಂತ್ರಕ್ಕೆ ಕೊಡಬೇಕು ಎಂದೇ ಕೈಪಿಡಿಯಲ್ಲಿತ್ತು. ಆದರೆ ಬಾಗಿಲ ಹೊರಗೆ ನಿಂತ ತಾಯಂದಿರು ಸೆರಗೊಡ್ಡಿ ಬೇಡಿದರೆ ಕಸ್ತೂರಿಗೆ ಇಲ್ಲ ಅನ್ನಲು ಬರುತ್ತಿರಲಿಲ್ಲ. ಹೊಳೆಯುವ ಬಣ್ಣಕ್ಕೆ ಬೆಳಕೇ ಶತ್ರು ಎಂದು ಅವಳು ಕಲಿತಿದ್ದಳು. ಅದಕ್ಕೇ ಗಾಜನ್ನು ಕಪ್ಪು ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ರಾಹುಕಾಲ ದಾಟಿದ ಮೇಲೆ ಹೊರಗೆ ತೆಗೆಯುತ್ತಿದ್ದಳು. ಯಾರಿಗೇನು ನಷ್ಟ? ತಾಯಿಗೊಂದಿಷ್ಟು ಸಮಾಧಾನ.

ಆ ಸಂಜೆ ಮನೆಗೆ ಹೋದರೆ ಮಾವ ಮುರಿಗೆಪ್ಪ ಪಡಸಾಲೆಯಲ್ಲಿ ಒಂದು ನೀಲಿ ಸೀರೆ ಹರವಿಕೊಂಡು ಬೈಯುತ್ತಿದ್ದ. ಗಡಿಗೆಯಲ್ಲಿ ನೀಲಿ ಹುದುಗು ಹಾಕಿ ನೂಲು ಅದ್ದುವ ವಿದ್ಯೆ ಊರಲ್ಲಿ ಅವನೊಬ್ಬನಲ್ಲಿ ಉಳಿದಿತ್ತು. ಮಗ, ಅಂದರೆ ಕಸ್ತೂರಿಯ ಗಂಡ, ಕಲ್ಲಿನ ಲಾರಿಯ ಕೆಲಸದಲ್ಲಿದ್ದು ತಿಂಗಳಿಗೆರಡು ಸಲ ಬರುತ್ತಿದ್ದ. ಹೀಗಾಗಿ ಮನೆಯಲ್ಲಿ ಮಾವ ಸೊಸೆ ಇಬ್ಬರೇ. ದಿನಕ್ಕೊಂದು ಜಗಳ ಆಗದಿದ್ದರೆ ಇಬ್ಬರಿಗೂ ಊಟ ರುಚಿಸುತ್ತಿರಲಿಲ್ಲ.

“ನೋಡು, ನಿನ್ನ ಮಾವ ಕಚ್ಚಾ ಬಣ್ಣ ಹಾಕ್ಯಾನಂತ. ಅಂಗಡ್ಯಾಂವ ಸೀರಿ ತಿರಗಿ ಒಗದು ಹೋದ.”

ಸೀರೆಯ ಮಡಿಕೆ ಮಡಿಕೆಯ ಅಂಚಿಗೆ ಬಿಳಿಚಿದ ಗೆರೆ. ನಡುವೆ ಮಾತ್ರ ಗಟ್ಟಿ ನೀಲಿ.

“ಬಿಸಿಲಿಗೆ ಇಟ್ಟಿರಬೇಕು ಬಿಡ್ರಿ,” ಎಂದಳು ಕಸ್ತೂರಿ, ರೊಟ್ಟಿಗೆ ಹಿಟ್ಟು ನಾದುತ್ತ.

“ಕಪಾಟದಾಗ ಬಿಸಿಲು ಎಲ್ಲಿಂದ ಬರಬೇಕು? ಬಿಎಸ್ಸಿ ಮಾಡಿ ಬಂದಾಳ ನೋಡು! ಬಿಸಿಲಿನ ಕಳ್ಳತನ ಬ್ಯಾರೆ, ಗಾಳಿ ಕಳ್ಳತನ ಬ್ಯಾರೆ. ಬಿಸಿಲು ಹಾಸಿದಷ್ಟೂ ತಿಂತೈತಿ. ಗಾಳಿ ಇಲಿ ಇದ್ದಂಗ, ಅಂಚು ತಿಂತೈತಿ. ಈ ಲಾರಿ ಹೊಗಿ ಹೆಚ್ಚಾದಾಗಿಂದ ಶುರುವಾಗೇತಿ ಇದು. ಮುಂಜಾನಿ ಗಾಳಿ ಸಾಧು ಇರತೈತಿ. ಬ್ಯಾಸಗ್ಯಾಗ ಮಧ್ಯಾಹ್ನದ ಗಾಳಿ ಮಾತ್ರ ಬಾಳ ಹೊಲಸು. ನನ್ನ ನೂಲು ನಾ ಹನ್ನೊಂದರ ಒಳಗ ಒಳಗಿಡ್ತೀನಿ.”

ಕಸ್ತೂರಿಯ ಕೈ ಹಿಟ್ಟಿನಲ್ಲೇ ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅವಳಿಗೆ ತನ್ನ ಕಪ್ಪು ಪೆಟ್ಟಿಗೆ ನೆನಪಾಯಿತು. ಆ ಪೆಟ್ಟಿಗೆಗೆ ಪಸೆ ಹೋಗಲೆಂದು ಸಣ್ಣ ಸಣ್ಣ ಕಂಡಿಗಳಿದ್ದವು. ಬೆಳಕು ಬಾರದಿದ್ದರೂ ಗಾಳಿ ಬರುತ್ತಿತ್ತು. ಇಲ್ಲದಿದ್ದರೆ ಕೆಟ್ಟದ್ದು ಅನ್ನುವ ಆ ತುಣುಕಿನ ಚುಕ್ಕಿಗಳು ಇದ್ದದ್ದು ಗಾಜಿನ ಬಲ ಅಂಚಿನಲ್ಲಿ. ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಚುಕ್ಕಿಗಳೆಲ್ಲ ನಟ್ಟನಡುವೆ ಇದ್ದವು.

ಅವಳು ತರಬೇತಿಯಲ್ಲಿ ಒಮ್ಮೆ ಓದಿ ಮರೆತದ್ದು ಇಷ್ಟು: ವಾಹನದ ಹೊಗೆಯ ಮೇಲೆ ಸುಡುಬಿಸಿಲು ಬಿದ್ದಾಗ ಗಾಳಿಯಲ್ಲಿ ಓಝೋನ್ ಹುಟ್ಟುತ್ತದೆ. ಎರಡು ಪರಮಾಣು ಜೋಡಿಯಾಗಿ ಇರಬೇಕಾದ ಆಮ್ಲಜನಕ ಅಲ್ಲಿ ಮೂರು ಸೇರಿರುತ್ತದೆ. ಆ ಮೂರನೆಯದಕ್ಕೆ ನೆಲೆಯಿಲ್ಲ, ಯಾರ ಮೇಲಾದರೂ ಬಿದ್ದು ಹರಿಯಲೇಬೇಕು. ಹೊಳೆಯುವ ಕೆಂಪು ಬಣ್ಣದ ಅಣುವಿನ ನಡುವೆ ಉದ್ದನೆಯ ಸರಪಳಿ ಇದೆ. ಓಝೋನ್ ಅದನ್ನು ಕಡಿದರೆ ಕೆಂಪು ಆರಿತು. ಹಸಿರಿನ ಸರಪಳಿ ಗಿಡ್ಡ, ಅದು ಬಹಳ ಹೊತ್ತು ತಾಳಿಕೊಳ್ಳುತ್ತದೆ. ಕೆಂಪು ಹೋಗಿ ಹಸಿರು ಉಳಿದರೆ ಯಂತ್ರ ಏನು ಹೇಳಬೇಕು? ತುಣುಕು ಇಲ್ಲ ಎಂದೇ ಹೇಳಬೇಕು.

“ಮಾವಾರ, ಭಾಳ ತೆಳುವಾದ ನೀಲಿ ಎಷ್ಟು ಹೊತ್ತಿನ್ಯಾಗ ಹೋಗತೈತಿ?”

“ಏಳು ಸಲ ಅದ್ದಿ ಸಾರ ಹೋದ ನೀರಿನ ನೀಲಿ ಆದ್ರ ಊಟ ಮಾಡಿ ಒಂದು ನಿದ್ದಿ ತಗಿಯೂದರಾಗ ಹೋಗತೈತಿ. ಯಾಕ?”

“ನಾಕು ಕಾಗದ ಅದ್ದಿ ಕೊಡ್ರಿ.”

ಮುರಿಗೆಪ್ಪ ಯಾಕೆಂದು ಮತ್ತೆ ಕೇಳಲಿಲ್ಲ. ಸೊಸೆ ಬೈಯದೆ ಏನಾದರೂ ಕೇಳಿದರೆ ಅದು ದೊಡ್ಡ ವಿಷಯವೇ ಇರಬೇಕು ಎಂದು ಅವನಿಗೆ ಗೊತ್ತಿತ್ತು.

ಮಂಗಳವಾರ ಅವಳು ಒಂದು ನೀಲಿ ಕಾಗದವನ್ನು ಯಂತ್ರದ ಕೋಣೆಯಲ್ಲಿ ದಾರ ಕಟ್ಟಿ ತೂಗುಹಾಕಿದಳು. ಇನ್ನೊಂದನ್ನು ಕಪ್ಪು ಪೆಟ್ಟಿಗೆಯಲ್ಲಿಟ್ಟಳು. ಮೂರನೆಯದನ್ನು ಬಿಗಿಯಾದ ಬರಣಿಯಲ್ಲಿ, ನೀರಿನ ಫಿಲ್ಟರಿನಿಂದ ತೆಗೆದ ಇದ್ದಿಲಿನ ಜೊತೆಗೆ ಮುಚ್ಚಿದಳು. ಆಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿದಳು. ತಾಯಂದಿರ ಮಾತಿಗೆ ಗಾಜು ತಡೆದಿಟ್ಟ ದಿನಗಳಲ್ಲಿ ಮಗುವಿನ ಹೆಸರಿನ ಪಕ್ಕ ‘ರಾ’ ಎಂದು ಬರೆದಿಡುವುದು ಅವಳ ರೂಢಿ. ಹದಿಮೂರು ಹೆಸರಿನಲ್ಲಿ ಹನ್ನೊಂದರ ಪಕ್ಕ ‘ರಾ’ ಇತ್ತು. ಹನ್ನೊಂದೂ ಬುಧವಾರ, ಗುರುವಾರ. ಬುಧವಾರದ ರಾಹುಕಾಲ ಹನ್ನೆರಡರಿಂದ, ಗುರುವಾರದ್ದು ಒಂದೂವರೆಯಿಂದ. ಗಾಜು ಒಣಗಿ ಸಿದ್ಧವಾಗುವ, ಹನ್ನೆರಡರಿಂದ ಎರಡರೊಳಗಿನ ಹೊತ್ತಿಗೇ ಸರಿಯಾಗಿ. ಉಳಿದ ದಿನಗಳ ರಾಹು ಅವಳ ಕೆಲಸಕ್ಕೆ ಅಡ್ಡ ಬರುತ್ತಿರಲಿಲ್ಲ.

ತಾಲೂಕಿಗೆ ಒಬ್ಬರೋ ಇಬ್ಬರೋ ಇರಬೇಕಾದಲ್ಲಿ ಹದಿಮೂರು ಬಂದಾಗಲೇ ಯಾರಾದರೂ ಹುಬ್ಬೇರಿಸಬೇಕಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಯಂತ್ರ ಹೇಳಿತು ಎಂದ ಮೇಲೆ ಎಲ್ಲರೂ ಬಸ್ಸಿನ ವ್ಯವಸ್ಥೆಗೆ ತೊಡಗಿದ್ದರು.

ಮೂರು ಗಂಟೆಗೆ ನೋಡಿದರೆ ತೂಗುಹಾಕಿದ ಕಾಗದ ಬೂದಿಯ ಬಣ್ಣಕ್ಕೆ ಬಂದಿತ್ತು. ಪೆಟ್ಟಿಗೆಯೊಳಗಿನದು ಅಂಚಿನಿಂದ ಒಳಮುಖವಾಗಿ ಬಿಳಿಚಿತ್ತು. ಬರಣಿಯದು ಮಾತ್ರ ಇಟ್ಟಂತೆಯೇ ನೀಲಿ. ಕಸ್ತೂರಿ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಹೆದರಿಕೆ.

ಬುಧವಾರ ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ವಸುಮತಿ ಪಡಸಲಗಿಯವರ ಮುಂದೆ ಕಾಗದಗಳನ್ನೂ ಕ್ಯಾಲೆಂಡರನ್ನೂ ಇಟ್ಟು ಎಲ್ಲ ಹೇಳಿದಳು. ವಸುಮತಿ ಒಳ್ಳೆಯವರು. ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣು ತಿಕ್ಕಿಕೊಂಡರು.

“ಯಂತ್ರ ಕೆಟ್ಟಿತ್ತು ಅಂತ ಬರದ್ರ ನಿನಗೇನೂ ಆಗೂದಿಲ್ಲ, ಕಸ್ತೂರಿ. ಆದ್ರ ಯಂತ್ರ ರಿಪೇರಿಗೆ ಹೋಗತದ, ಮರುಪರೀಕ್ಷೆ ತಿಂಗಳ ಮ್ಯಾಲೆ. ಬಸ್ಸು ನಿಲ್ಲೂದಿಲ್ಲ. ತಕ್ಷಣ ಮರುಪರೀಕ್ಷೆ ಬೇಕಂದ್ರ ಕೆಲಸ ಮಾಡಿದವರು ತಮ್ಮ ತಪ್ಪು ತಮ್ಮ ಹೆಸರಿನ್ಯಾಗ ಬರದು ಕೊಡಬೇಕು. ಕೊಟ್ರ ವಿಚಾರಣೆ ಮುಗಿಯೂತನಕ ನಿನ್ನ ಸಹಿ ನಡಿಯೂದಿಲ್ಲ. ಆಮ್ಯಾಲೂ ನಡೀತದ ಅಂತ ನಾ ಹೇಳಲಾರೆ.”

ಹದಿನೆಂಟು ವರ್ಷದ ಸಹಿ. ಕಸ್ತೂರಿ ಪೆನ್ನು ತೆಗೆದುಕೊಂಡಳು. ‘ರಾಹುಕಾಲ ದಾಟಲೆಂದು ನಾನು ಗಾಜು ತಡೆದಿಟ್ಟೆ’ ಎಂದು ಸರ್ಕಾರಿ ಕಾಗದದ ಮೇಲೆ ಬರೆಯುವಾಗ ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಆದರೂ ಬರೆದಳು.

“ಹೊಸಾ ಗಾಜು ಒಂದ ಉಳದದ,” ಎಂದರು ವಸುಮತಿ. “ಒಂದು ಮಗುವಿಂದು ಸುಳ್ಳಂತ ಶುಕ್ರವಾರ ತೋರಸು. ಹನ್ನೊಂದೂ ಮಕ್ಕಳನ್ನ ನಿಲ್ಲಿಸೋ ಅಧಿಕಾರ ನನಗದ.”

ಕಸ್ತೂರಿ ಚಂಪಾಳನ್ನು ಆರಿಸಿದಳು. ಮಗುವಿನ ಉಳಿದ ರಕ್ತ ಶೀತಪೆಟ್ಟಿಗೆಯಲ್ಲಿತ್ತು.

ಗುರುವಾರ ಕೇಂದ್ರದಲ್ಲಿ ನಡೆದದ್ದನ್ನು ನೋಡಿದವರು ನಗುತ್ತಿದ್ದರು. ಮಿಠಾಯಿ ಅಂಗಡಿಯಿಂದ ಗಾಜಿನ ಪೆಟ್ಟಿಗೆ ಬಂತು. ಅದಕ್ಕಂಟಿದ ಪಾಕ ತೊಳೆಯುವುದಕ್ಕೇ ಒಂದು ತಾಸು ಹಿಡಿಯಿತು. ಮುರಿಗೆಪ್ಪ ಫಿಲ್ಟರಿನ ಇದ್ದಿಲನ್ನೆಲ್ಲ ದಪ್ಪ ಅರಿವೆಯ ಚೀಲದಲ್ಲಿ ತುಂಬಿ ಹೊಲಿದ. ಪೆಟ್ಟಿಗೆಯ ಬಾಯಿಗೆ ಚೀಲ ಕಟ್ಟಿ, ಅದರ ಹಿಂದೊಂದು ಸಣ್ಣ ಫ್ಯಾನು ಇಟ್ಟರು. ಹೊರಗಿನ ಗಾಳಿ ಇದ್ದಿಲನ್ನು ಹಾಯ್ದೇ ಒಳಗೆ ಬರಬೇಕು, ಇದ್ದಿಲಿಗೆ ತಾಗಿದ ಓಝೋನ್ ಅಲ್ಲೇ ಮುರಿದು ಬರೀ ಆಮ್ಲಜನಕವಾಗಬೇಕು. ಪಕ್ಕದಲ್ಲಿ ಕೈ ಹಾಕಲು ಎರಡು ತೂತು, ತೂತಿಗೆ ರಬ್ಬರಿನ ಕೈಗವಸು. ಒಳಗೊಂದು ನೀಲಿ ಕಾಗದ. ಮಧ್ಯಾಹ್ನ ಕಳೆದರೂ ಅದು ನೀಲಿಯಾಗಿಯೇ ಇತ್ತು.

“ನಮ್ಮಪ್ಪಗ ಈ ಪೆಟ್ಟಿಗಿ ಇದ್ದಿದ್ರ ಅಂಗಡ್ಯಾನವರ ಬಾಯಿಗೆ ಬೀಳ್ತಿರಲಿಲ್ಲ,” ಎಂದ ಮುರಿಗೆಪ್ಪ. ಮುಖವೆಲ್ಲ ಮಸಿಯಾಗಿತ್ತು. ಕಸ್ತೂರಿ ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕಳು.

ಸಂಜೆ ಐದಕ್ಕೆ ಚಂಪಾಳ ಗಾಜನ್ನು ಬಣ್ಣದ ಮಿಶ್ರಣದಲ್ಲಿ ಇಟ್ಟು, ಒಪ್ಪಿಗೆಯ ಕಾಗದ ಹಿಡಿದುಕೊಂಡು ಶಂಕ್ರವ್ವನ ಮನೆಗೆ ಹೋದಳು. ತಾಯಿ ಚೀಲಕ್ಕೆ ಮಗಳ ಅಂಗಿ ತುಂಬುತ್ತಿದ್ದಳು.

“ಮತ್ತೊಮ್ಮಿ ನೋಡಬೇಕವ್ವಾ. ಮೊದಲನೇದರಾಗ ತಪ್ಪಾಗಿರಬಹುದು.”

ಯಾರ ತಪ್ಪು ಎಂದು ಹೇಳಬೇಕಿತ್ತು. ಸರ್ಕಾರಿ ಕಾಗದದ ಮೇಲೆ ಬರೆದ ಮಾತನ್ನು ತಾಯಿಯ ಮುಖ ನೋಡಿ ಹೇಳಲಾಗದೆ ಒಪ್ಪಿಗೆಯ ಕಾಗದ ಮುಂದೆ ಚಾಚಿದಳು.

“ಯಾವಾಗ?” ಎಂದಳು ಶಂಕ್ರವ್ವ.

“ನಾಳೆ ಹನ್ನೊಂದಕ್ಕ ಯಂತ್ರಕ್ಕ ಹಾಕಬೇಕು.”

“ಹನ್ನೊಂದಕ್ಕ?” ಶಂಕ್ರವ್ವನ ಕಣ್ಣು ತಾನಾಗಿ ಗೋಡೆಯ ಕ್ಯಾಲೆಂಡರಿನ ಕಡೆ ಹೋಯಿತು. “ಶುಕ್ರವಾರ ಹತ್ತೂವರಿಯಿಂದ ಹನ್ನೆರಡು ರಾಹುಕಾಲ ಐತಿ. ಹನ್ನೆರಡು ದಾಟಲಿ, ಅಕ್ಕಾರ. ಬರೀ ಒಂದು ತಾಸು.”

“ಹತ್ತಕ್ಕಿಂತ ಮೊದಲ ಅದನ್ನ ತಗ್ಯಾಕ ಬರೂದಿಲ್ಲ. ತೊಳದು ಒಣಗಿಸಿದ ಮ್ಯಾಲೆ ಒಂದು ಗಳಿಗಿನೂ ತಡ್ಯಾಕ ಬರೂದಿಲ್ಲ. ಈ ಸಲ ನೀ ಏನು ಹೇಳಿದರೂ ನಾ ತಡ್ಯಾಂಗಿಲ್ಲವ್ವಾ.”

ಶಂಕ್ರವ್ವ ಮಗಳ ಅಂಗಿಯನ್ನು ಮಡಚಿ ಮತ್ತೆ ಬಿಚ್ಚಿದಳು. ರಾಹು ಅಂದರೆ ಅವಳಿಗೆ ಪುರಾಣದ ಕಥೆಯಲ್ಲ. ಗಂಡ ಕ್ವಾರಿಗೆ ಹೊರಟು ತಿರುಗಿ ಬಾರದ ದಿನ ಅವಳು ಹೊತ್ತು ನೋಡಿರಲಿಲ್ಲ. ಅಂದಿನಿಂದ ನೋಡದೆ ಒಂದು ಹೆಜ್ಜೆ ಇಟ್ಟವಳಲ್ಲ.

“ಒಳ್ಳೆ ಹೊತ್ತಿನ್ಯಾಗ ಮಾಡಿಸಿ ನೋಡೀನಿ,” ಎಂದಳು ಕಡೆಗೆ. “ಇನ್ನ ಕೆಟ್ಟ ಹೊತ್ತಿನ್ಯಾಗೂ ನೋಡೂಣು. ಎಲ್ಲಿ ಸಹಿ ಮಾಡ್ಲಿ?”

ಶುಕ್ರವಾರ ಹತ್ತಕ್ಕೆ ಗಾಜು ಹೊರಗೆ ಬಂತು. ಮೂರು ನೀರಿನಲ್ಲಿ ತೊಳೆದು, ಮಿಠಾಯಿ ಪೆಟ್ಟಿಗೆಯೊಳಗೆ ಕೈಗವಸಿನಿಂದಲೇ ಹಿಡಿದು ಒಣಗಿಸಿ, ಅಲ್ಲೇ ಬಿಗಿ ಡಬ್ಬಿಯಲ್ಲಿ ಮುಚ್ಚಿ, ನಾಲ್ಕು ಹೆಜ್ಜೆ ನಡೆದು ಯಂತ್ರದ ಬಾಯಿಗೆ ಇಟ್ಟಳು. ಹನ್ನೊಂದು ಹೊಡೆದು ಐದು ನಿಮಿಷ. ಗೆರೆ ಗೆರೆಯಾಗಿ ಚಿತ್ರ ಮೂಡತೊಡಗಿತು. ಎಡದಿಂದ ಶುರುವಾಗಿ ಬಲ ಅಂಚಿಗೆ ಬರಲು ಎಂಟು ನಿಮಿಷ. ಆ ಎಂಟು ನಿಮಿಷದಲ್ಲಿ ಕಸ್ತೂರಿ ತನಗೆ ಗೊತ್ತಿರುವ ದೇವರನ್ನೆಲ್ಲ ನೆನೆದಳು. ರಾಹುವನ್ನೂ ಬಿಡಲಿಲ್ಲ.

ಬಲ ಅಂಚಿನ ಚುಕ್ಕಿಗಳು ಮೂಡಿದವು. ಹಳದಿ. ಒಂದೊಂದೂ ಹಳದಿ. ಅವಳು ನಾಲ್ಕು ಸಲ ನೋಡಿದಳು. ಕೆಂಪಿನ ಅಳತೆ, ಹಸಿರಿನ ಅಳತೆ ಬೇರೆ ಬೇರೆಯಾಗಿ ಓದಿದಳು. ಹಿಂದೆ ನಿಂತಿದ್ದ ವಸುಮತಿ ಅವಳ ಹೆಗಲ ಮೇಲೆ ಕೈಯಿಟ್ಟು, ಫೋನಿನ ಕಡೆ ಹೋದರು. ಇದ್ದ ಹದಿಮೂರರಲ್ಲಿ ‘ರಾ’ ಇಲ್ಲದ ಎರಡು ಮಕ್ಕಳು ಮಾತ್ರ ಆ ದಿನ ಬಸ್ಸು ಹತ್ತಬೇಕು. ಅವರ ಗಾಜು ತಡೆದಿಟ್ಟದ್ದಲ್ಲ, ಅವರಿಗೆ ಮದ್ದು ನಿಜವಾಗಿಯೂ ಬೇಕಿತ್ತು.

ಶಂಕ್ರವ್ವ ಹೊರಗೆ ಮೆಟ್ಟಿಲ ಮೇಲೆ ಚೀಲ ಹಿಡಿದು ಕುಳಿತಿದ್ದಳು. ಎದುರಿಗೆ ಬಸ್ಸು. ಚಂಪಾ ಬಸ್ಸಿನ ಗಾಲಿಯ ಬೋಲ್ಟು ಎಣಿಸುತ್ತಿದ್ದಳು.

“ನಿನ್ನ ಮಗಳಿಗೆ ಏನೂ ಇಲ್ಲವ್ವಾ,” ಎಂದಳು ಕಸ್ತೂರಿ. “ಆ ತುಣುಕು ಐತಿ. ನೆಟ್ಟಗ ಐತಿ.”

ಶಂಕ್ರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಸೆರಗು ತೆಗೆದು ಕೇಳಿದಳು.

“ಮತ್ತ ಮೊದಲನೇ ಸಲ ಯಾಕ ಹಂಗ ಬಂತು?”

ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. “ಅದು ನಾ ಮಾಡಿದ ತಪ್ಪು. ನೀ ಕೇಳಿದಿ ಅಂತ ಗಾಜು ಒಂದೂವರಿ ತಾಸು ತಡದಿಟ್ನಿ. ಅಷ್ಟರಾಗ ಮಧ್ಯಾಹ್ನದ ಗಾಳಿ ಬಣ್ಣ ತಿಂತು. ಕೆಂಪು ಹೋತು.”

ಶಂಕ್ರವ್ವ ಎದ್ದು ನಿಂತಳು. “ಎಂಟು ದಿನ ನಾ ನೆಟ್ಟಗ ಉಂಡಿಲ್ಲ. ಇಕಿ ಮಲಗಿದಾಗ ಕಾಲು ಮುಟ್ಟಿ ಮುಟ್ಟಿ ನೋಡತಿದ್ನಿ, ಅಕ್ಕಾರ.” ಧ್ವನಿ ಒಮ್ಮೆಲೆ ಏರಿತು. ರೀ ಹೋಗಿ ನೀ ಬಂತು. “ನೀ ಕಲತಾಕಿ ಅಲ್ಲೇನು? ನನಗ ಗೊತ್ತಿಲ್ಲ, ನಾ ಬೇಡಿದೆ. ನಿನಗ ಗೊತ್ತಿತ್ತಲ್ಲ? ಬರೂದಿಲ್ಲ ಹೋಗು ಅಂತ ನನ್ನ ಬೈಯಬೇಕಿಲ್ಲೇನು ನೀ?”

“ಬೈಯಬೇಕಿತ್ತು,” ಎಂದಳು ಕಸ್ತೂರಿ. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಶಂಕ್ರವ್ವ ಅವಳನ್ನೇ ನೋಡುತ್ತ ನಿಂತಳು. ಸಿಟ್ಟು ಇನ್ನೂ ಇತ್ತು, ಆದರೆ ಅದನ್ನು ಇಡಲು ಜಾಗ ಸಿಗದವಳಂತೆ ಮತ್ತೆ ಮೆಟ್ಟಿಲ ಮೇಲೆ ಕುಳಿತಳು.

“ನಾ ಬೇಡಿದೆ, ನೀ ಕೊಟ್ಟಿ. ಇಬ್ಬರೂ ಕೂಡಿ ಕೂಸಿನ್ನ ನಾವನ ರಾಹುವಿನ ಬಾಯಿಗೆ ಹಾಕಾಕ ಹೊಂಟಿದ್ವಿ.” ಬಸ್ಸಿನ ಕಡೆ ನೋಡಿ ಕೇಳಿದಳು, “ನನ್ನಂಗ ಬೇಡಿದವರು ಇನ್ನೂ ಯಾರರ ಅದಾರೇನು?”

“ಹತ್ತು ಮಂದಿ.”

“ಅವರಿಗೆ ಯಾರು ಹೇಳ್ತಾರ?”

“ಡಾಕ್ಟರು ಫೋನ್ ಮಾಡ್ತಾರ, ಬಸ್ಸಿಗೆ ಬರಬ್ಯಾಡ್ರಿ ಅಂತ. ಯಾಕ ಅಂತ ನಾನನ ಮನಿ ಮನಿಗೆ ಹೋಗಿ ಹೇಳಬೇಕು.”

ಶಂಕ್ರವ್ವ ಎದ್ದು ಚೀಲ ಹೆಗಲಿಗೇರಿಸಿ ಚಂಪಾಳನ್ನು ಕೂಗಿದಳು.

“ಒಬ್ಬಾಕಿನ ಹೋದ್ರ ಬಡದು ಕಳಸ್ತಾರ ನಿನ್ನ. ನಡಿ, ನಾನೂ ಬರ್ತೀನಿ. ಮೊದಲನೇ ಮನಿ ಯಾರದು?”